ವಿಎಲ್‌ಸಿ ಅಡ್ರೆಸ್ ಕೇಳಿದಾಗ ಏನು ಕೊಡಬೇಕು?

ಮನೆಗೆ ಸಿಸಿಟಿವಿ ಹಾಕಿಸಿದವರು, ಶಾಲೆಯ ವೆಬ್‌ಸೈಟ್‌ಗೆ ವಾರ್ಷಿಕೋತ್ಸವದ ವಿಡಿಯೊ ಏರಿಸಲು ಹೊರಟವರು, ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಎಂ3ಯು ಫೈಲ್ (ವಿಡಿಯೊ ಲಿಂಕ್‌ಗಳ ಪಟ್ಟಿ) ಇಟ್ಟುಕೊಂಡು ಕೂತವರು. ಇವರೆಲ್ಲ ಒಂದಲ್ಲ ಒಂದು ದಿನ ಒಂದೇ ಕಡೆ ಬಂದು ನಿಲ್ಲುತ್ತಾರೆ. ಫೈಲ್ ಮೇಲೆ ಎರಡು ಸಲ ಒತ್ತಿದರೆ ಓಡುತ್ತಿದ್ದ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಈಗ ಅಡ್ರೆಸ್ ಕೇಳುತ್ತಿದೆ. ಏನೋ ಒಂದು ಕೊಟ್ಟರೆ 'ಈ ಎಂಆರ್‌ಎಲ್ ತೆರೆಯಲು ಆಗುತ್ತಿಲ್ಲ, ಲಾಗ್ ನೋಡಿ' ಅನ್ನುವ ಅರ್ಥದ ಇಂಗ್ಲಿಷ್ ಸಾಲೊಂದನ್ನು ತೋರಿಸಿ ಸುಮ್ಮನಾಗುತ್ತದೆ.

ಎಂಆರ್‌ಎಲ್ ಅಂದರೆ ಮೀಡಿಯಾ ರಿಸೋರ್ಸ್ ಲೊಕೇಟರ್. ವೆಬ್‌ಸೈಟ್ ವಿಳಾಸಕ್ಕೆ ಯುಆರ್‌ಎಲ್ ಅನ್ನುತ್ತೇವಲ್ಲ, ಇದೂ ಅದೇ ಜಾತಿ. ಒಂದೇ ವ್ಯತ್ಯಾಸ ಅಂದರೆ ವಿಎಲ್‌ಸಿ ಇದರಲ್ಲಿ ವೆಬ್‌ಸೈಟ್ ಮಾತ್ರವಲ್ಲ, ಡಿವಿಡಿ, ವೆಬ್‌ಕ್ಯಾಮ್, ಕಂಪ್ಯೂಟರ್‌ನ ಸ್ಕ್ರೀನ್ ಎಲ್ಲವನ್ನೂ ಅಡ್ರೆಸ್ ಆಗಿಯೇ ನೋಡುತ್ತದೆ. ನೀವು ಫೈಲ್ ಮೇಲೆ ಕ್ಲಿಕ್ ಮಾಡಿದಾಗಲೂ ಒಳಗೆ ನಡೆಯುವುದು ಇದೇ. ಆ ಫೈಲ್‌ನ ಅಡ್ರೆಸ್ ಅದೇ ಬರೆದುಕೊಳ್ಳುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಮುಂದೆ ಬರುವ ಅಡ್ರೆಸ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಎಡದಿಂದ ಬಲಕ್ಕೆ ಓದಿ

ಒಂದು ಕ್ಯಾಮೆರಾದ ಅಡ್ರೆಸ್ ತೆಗೆದುಕೊಳ್ಳೋಣ.

ಆರ್‌ಟಿಎಸ್‌ಪಿ://ಅಡ್ಮಿನ್:ಪಾಸ್‌ವರ್ಡ್@192.168.1.64:554/ಸ್ಟ್ರೀಮಿಂಗ್/ಚಾನೆಲ್ಸ್/101

ನೋಡಿದ ತಕ್ಷಣ ತಲೆ ತಿರುಗುತ್ತದೆ, ನಿಜ. ಆದರೆ ಇದರಲ್ಲಿ ಇರುವುದು ಮೂರೇ ಪ್ರಶ್ನೆಗೆ ಉತ್ತರ: ಹೇಗೆ ತರಬೇಕು, ಎಲ್ಲಿಂದ ತರಬೇಕು, ಅಲ್ಲಿ ಯಾವುದನ್ನು ತರಬೇಕು.

ಎರಡು ಸ್ಲ್ಯಾಶ್‌ಗಳಿಗಿಂತ ಮುಂಚೆ ಇರುವುದು 'ಹೇಗೆ'. ಅದನ್ನು ಪ್ರೊಟೊಕಾಲ್ ಅನ್ನುತ್ತಾರೆ, ಅಂದರೆ ಎರಡು ಯಂತ್ರಗಳು ಮಾತಾಡಿಕೊಳ್ಳಲು ಒಪ್ಪಿಕೊಂಡ ಪದ್ಧತಿ. ವೆಬ್‌ಸೈಟ್‌ಗಳದ್ದು ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್, ಕ್ಯಾಮೆರಾಗಳದ್ದು ಸಾಮಾನ್ಯವಾಗಿ ಆರ್‌ಟಿಎಸ್‌ಪಿ. ಸ್ಲ್ಯಾಶ್‌ಗಳ ನಂತರ @ ಗುರುತಿನ ತನಕ ಇರುವುದು ಹೆಸರು ಮತ್ತು ಪಾಸ್‌ವರ್ಡ್, ನಡುವೆ ಒಂದು ಕೋಲನ್. ಆಮೇಲೆ ಬರುವ 192.168.1.64 'ಎಲ್ಲಿಂದ' ಅನ್ನುವುದಕ್ಕೆ ಉತ್ತರ. ಅದರ ಪಕ್ಕದ 554 ಪೋರ್ಟ್ ನಂಬರ್. ಒಂದೇ ಯಂತ್ರದಲ್ಲಿ ಹಲವು ಪ್ರೋಗ್ರಾಂಗಳು ಕೆಲಸ ಮಾಡುತ್ತಿರುತ್ತವೆ, ಬಂದ ಮಾತು ಯಾವುದಕ್ಕೆ ಸೇರಬೇಕು ಅಂತ ಹೇಳುವುದು ಈ ನಂಬರ್. ಎಚ್‌ಟಿಟಿಪಿಗೆ 80, ಎಚ್‌ಟಿಟಿಪಿಎಸ್‌ಗೆ 443, ಆರ್‌ಟಿಎಸ್‌ಪಿಗೆ 554 ಅಂತ ಮೊದಲೇ ನಿಗದಿಯಾಗಿದೆ. ಅದೇ ನಂಬರ್ ಇದ್ದರೆ ಬರೆಯದೆ ಬಿಟ್ಟರೂ ನಡೆಯುತ್ತದೆ, ಬೇರೆ ಇದ್ದರೆ ಬರೆಯಲೇಬೇಕು. ಕೊನೆಯಲ್ಲಿ ಉಳಿದದ್ದು 'ಯಾವುದನ್ನು'. ಆ ಯಂತ್ರದೊಳಗೆ ಯಾವ ಫೈಲ್, ಯಾವ ಚಾನೆಲ್ ಅನ್ನುವುದು.

ಅಡ್ರೆಸ್ ಎಷ್ಟೇ ಉದ್ದ ಇದ್ದರೂ ಇದೇ ಕ್ರಮ.

ಫೈಲ್‌ಗೆ ಮೂರು ಸ್ಲ್ಯಾಶ್ ಯಾಕೆ?

ನಿಮ್ಮ ಕಂಪ್ಯೂಟರ್‌ನಲ್ಲೇ ಇರುವ ವಿಡಿಯೊಗೆ ಅಡ್ರೆಸ್ ಫೈಲ್:///ಡಿ:/ಮದುವೆ.ಎಂಪಿ4 ಅನ್ನುವ ರೀತಿ ಇರುತ್ತದೆ. ಬೇರೆಲ್ಲ ಕಡೆ ಎರಡು ಸ್ಲ್ಯಾಶ್, ಇಲ್ಲಿ ಮಾತ್ರ ಮೂರು. ಎರಡನೇ ಮತ್ತು ಮೂರನೇ ಸ್ಲ್ಯಾಶ್ ನಡುವೆ ಯಂತ್ರದ ಹೆಸರು ಬರಬೇಕಿತ್ತು. 'ಇದೇ ಯಂತ್ರ' ಅನ್ನುವ ಕಾರಣಕ್ಕೆ ಆ ಜಾಗ ಖಾಲಿ ಬಿಟ್ಟಿದ್ದಾರೆ. ಒಂದು ಸ್ಲ್ಯಾಶ್ ಕಡಿಮೆ ಹಾಕಿದರೆ 'ಡಿ' ಅನ್ನುವುದು ಯಾವುದೋ ಕಂಪ್ಯೂಟರ್‌ನ ಹೆಸರು ಅಂತ ಅರ್ಥವಾಗುವ ಸಾಧ್ಯತೆ ಇದೆ.

ಫೈಲ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಅಡ್ರೆಸ್‌ನಲ್ಲಿ ಅದು %20 ಆಗುತ್ತದೆ. ಅಡ್ರೆಸ್‌ನಲ್ಲಿ ನೇರವಾಗಿ ಬರೆಯಲಾಗದ ಅಕ್ಷರಗಳನ್ನು ಪರ್ಸೆಂಟ್ ಗುರುತು ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬದಲಾಯಿಸುವುದು ನಿಯಮ. ಕನ್ನಡಕ್ಕೂ ಇದೇ ಗತಿ. ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಪ್ರತಿ ಬೈಟ್‌ಗೂ ಪರ್ಸೆಂಟ್ ಸೇರಿ 3 ಗುರುತು. 'ಹಾಡು' ಅನ್ನುವ ಪುಟ್ಟ ಪದದಲ್ಲಿ ಹ, ಆ-ಕಾರದ ದೀರ್ಘ, ಡ, ಕೊಂಬು ಅಂತ 4 ಚಿಹ್ನೆ ಇರುವುದರಿಂದ ಅದು ಅಡ್ರೆಸ್‌ನಲ್ಲಿ 36 ಗುರುತುಗಳ ಸಾಲಾಗಿ ಬಿಡುತ್ತದೆ! ಕನ್ನಡ ವಿಕಿಪೀಡಿಯದ ಲಿಂಕ್ ಕಾಪಿ ಮಾಡಿದಾಗ ಉದ್ದಕ್ಕೂ ಪರ್ಸೆಂಟ್ ಸುರಿಯುವುದು ಕೂಡ ಇದರಿಂದಲೇ. ಕೆಟ್ಟು ಹೋಗಿದೆ ಅಂದುಕೊಂಡು ಅದನ್ನು ಅಳಿಸಬೇಡಿ.

ಕ್ಯಾಮೆರಾ ವಿಷಯಕ್ಕೆ ಬರೋಣ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನ ಹೋಗೋಣ.

ಆರ್‌ಟಿಎಸ್‌ಪಿ 1998ರಲ್ಲಿ ಅಧಿಕೃತ ನಿಯಮವಾಗಿ ಪ್ರಕಟವಾಯಿತು. ಆಡು, ನಿಲ್ಲಿಸು, ಮುಗಿಸು ಅನ್ನುವ ಆಜ್ಞೆಗಳನ್ನು ಸಾಗಿಸುವುದು ಇದರ ಕೆಲಸ. ಪದ್ಧತಿ ಎಲ್ಲರಿಗೂ ಒಂದೇ, ಆದರೆ ಅಡ್ರೆಸ್‌ನ ಕೊನೆಯ ಭಾಗ ಮಾತ್ರ ಒಂದೊಂದು ಕಂಪನಿಯದ್ದು ಒಂದೊಂದು ಥರ. ಹಿಕ್‌ವಿಷನ್‌ನಲ್ಲಿ ಸ್ಟ್ರೀಮಿಂಗ್/ಚಾನೆಲ್ಸ್/101. ಇಲ್ಲಿ 1 ಅಂದರೆ ಮೊದಲ ಕ್ಯಾಮೆರಾ, 01 ಅಂದರೆ ಪೂರ್ತಿ ಗುಣಮಟ್ಟದ ಚಿತ್ರ. 102 ಅಂದರೆ ಅದೇ ಕ್ಯಾಮೆರಾದ ಹಗುರ ಚಿತ್ರ, 202 ಅಂದರೆ ಎರಡನೇ ಕ್ಯಾಮೆರಾದ ಹಗುರ ಚಿತ್ರ. ದಹುವಾದಲ್ಲಿ ಕ್ಯಾಮ್/ರಿಯಲ್‌ಮಾನಿಟರ್ ಅಂತ ಬರೆದು, ಪ್ರಶ್ನಾರ್ಥಕ ಚಿಹ್ನೆ ಹಾಕಿ, ಚಾನೆಲ್=1&ಸಬ್‌ಟೈಪ್=0 ಅಂತ ಕೊಡಬೇಕು. ಸಬ್‌ಟೈಪ್ 0 ಪೂರ್ತಿ, 1 ಹಗುರ.

ನಿಮ್ಮ ಕ್ಯಾಮೆರಾದ್ದು ಯಾವುದು ಅಂತ ಗೊತ್ತಿಲ್ಲವಾ? ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಶುರುಮಾಡಿದ ಆನ್‌ವಿಫ್ ಅನ್ನುವ ಒಪ್ಪಂದ ಇದೆ. ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳು ಒಂದೇ ರೀತಿ ಮಾತಾಡಲಿ ಅಂತ ಮಾಡಿದ್ದು. ಕ್ಯಾಮೆರಾ ಆನ್‌ವಿಫ್ ಒಪ್ಪುವಂಥದ್ದಾಗಿದ್ದರೆ, ಆನ್‌ವಿಫ್ ಡಿವೈಸ್ ಮ್ಯಾನೇಜರ್ ಅನ್ನುವ ಉಚಿತ ಪ್ರೋಗ್ರಾಂ ಮನೆಯ ನೆಟ್‌ವರ್ಕ್‌ನಲ್ಲಿ ಅದನ್ನು ಹುಡುಕಿ, ಆರ್‌ಟಿಎಸ್‌ಪಿ ಅಡ್ರೆಸ್ ಪೂರ್ತಿ ಬರೆದು ತೋರಿಸುತ್ತದೆ. ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಹಾಕಿ ನೋಡುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ಕಾಟ ಪಾಸ್‌ವರ್ಡ್‌ನದ್ದು. ನಮ್ಮಲ್ಲಿ ಸಿಸಿಟಿವಿ ಹಾಕುವವರ ಕೈಯಲ್ಲಿ 'ಅಡ್ಮಿನ್@123' ಥರದ ಪಾಸ್‌ವರ್ಡ್‌ಗಳು ಧಾರಾಳ. ಅಡ್ರೆಸ್‌ನಲ್ಲಿ @ ಗುರುತಿಗೆ ಬೇರೆಯೇ ಕೆಲಸ ಇದೆ, ಮೇಲೆ ನೋಡಿದೆವಲ್ಲ, ಪಾಸ್‌ವರ್ಡ್ ಮುಗಿಯಿತು ಇನ್ನು ಯಂತ್ರದ ವಿಳಾಸ ಅಂತ ಹೇಳುವುದು ಅದೇ. ಪಾಸ್‌ವರ್ಡ್ ಒಳಗೇ ಒಂದು @ ಬಂದರೆ ಪ್ಲೇಯರ್ ಎಲ್ಲಿ ಕತ್ತರಿಸಬೇಕು ಅಂತ ಗೊಂದಲಕ್ಕೆ ಬೀಳುತ್ತದೆ. ಅದಕ್ಕೆ ಪಾಸ್‌ವರ್ಡ್‌ನ @ ಬದಲು %40 ಅಂತ ಬರೆಯಬೇಕು. # ಇದ್ದರೆ %23. ಇಲ್ಲದಿದ್ದರೆ ಹೆಸರು-ಪಾಸ್‌ವರ್ಡ್ ಬಿಟ್ಟು ಉಳಿದ ಅಡ್ರೆಸ್ ಮಾತ್ರ ಕೊಡಿ, ವಿಎಲ್‌ಸಿ ತಾನೇ ಬಾಕ್ಸ್ ತೆರೆದು ಕೇಳುತ್ತದೆ. ಅಲ್ಲಿ ಪಾಸ್‌ವರ್ಡ್ ಇದ್ದ ಹಾಗೇ ಹಾಕಬಹುದು.

ಮನೆಯಲ್ಲಿ ಕಾಣುತ್ತದೆ, ಆಫೀಸಿನಿಂದ ಕಾಣುವುದಿಲ್ಲ

ಶಿರಸಿಯ ಮನೆಯಲ್ಲಿ ಅಪ್ಪ ಅಮ್ಮ, ಕ್ಯಾಮೆರಾ ಹಾಕಿಸಿದ ಮಗ ಬೆಂಗಳೂರಿನಲ್ಲೋ ದುಬೈನಲ್ಲೋ. ಮನೆಗೆ ಹೋದಾಗ ಚೆನ್ನಾಗಿ ಕಂಡ ಅದೇ ಅಡ್ರೆಸ್ ವಾಪಸ್ ಬಂದು ಹಾಕಿದರೆ ಏನೂ ಇಲ್ಲ.

192.168 ಅಂತ ಶುರುವಾಗುವ ನಂಬರ್‌ಗಳು ಖಾಸಗಿ ವಿಳಾಸಗಳು. 10ರಿಂದ ಶುರುವಾಗುವವು ಮತ್ತು 172.16ರಿಂದ 172.31ರ ತನಕದವು ಕೂಡ. ಯಾರು ಬೇಕಾದರೂ ತಮ್ಮ ಮನೆ, ಆಫೀಸಿನ ಒಳಗೆ ಬಳಸಿಕೊಳ್ಳಲಿ ಅಂತ 1996ರಲ್ಲಿ ಇವನ್ನು ನಿಯಮ ಮಾಡಿ ಬಿಟ್ಟುಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ '1ನೇ ಮೇನ್, 1ನೇ ಕ್ರಾಸ್' ಅಂದ ಹಾಗೆ ಇದು. ಆ ಬಡಾವಣೆಯೊಳಗೆ ನಿಂತು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ, ಮೆಜೆಸ್ಟಿಕ್‌ನಲ್ಲಿ ನಿಂತು ಕೇಳಿದರೆ ಯಾವ ಬಡಾವಣೆಯದ್ದು ಅಂತ ಎದುರು ಪ್ರಶ್ನೆ ಬರುತ್ತದೆ. ನಿಮ್ಮ ಆಫೀಸಿನಲ್ಲೂ ಒಂದು 192.168.1.64 ಇರಬಹುದು, ಅದು ಪ್ರಿಂಟರ್ ಆಗಿರಬಹುದು.

ಹೊರಗಿನಿಂದ ಬರಲು ಮನೆಯ ರೂಟರ್‌ನ ಹೊರ ವಿಳಾಸ ಬೇಕು, ಜೊತೆಗೆ ಹೊರಗಿನಿಂದ ಬಂದದ್ದನ್ನು ಕ್ಯಾಮೆರಾಗೆ ದಾಟಿಸು ಅಂತ ರೂಟರ್‌ಗೆ ಹೇಳಬೇಕು. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. ಆದರೆ ಎಷ್ಟೋ ಇಂಟರ್ನೆಟ್ ಕಂಪನಿಗಳು, ಅದರಲ್ಲೂ ಮೊಬೈಲ್ ಸಿಮ್‌ನ ಇಂಟರ್ನೆಟ್, ನೂರಾರು ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸಿರುತ್ತವೆ. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ, ರೂಟರ್‌ಗೆ ಇಂಟರ್ನೆಟ್ ಕಂಪನಿ ಕೊಟ್ಟ ವಿಳಾಸ ಅದು. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವೂ ಆ ಗುಂಪಿನಲ್ಲೇ ಇದ್ದೀರಿ, ಪೋರ್ಟ್ ಫಾರ್ವರ್ಡಿಂಗ್ ಮಾಡಿ ಪ್ರಯೋಜನವಿಲ್ಲ. ಕ್ಯಾಮೆರಾ ಕಂಪನಿಗಳ ಮೊಬೈಲ್ ಆ್ಯಪ್‌ಗಳು ಹೀಗಿದ್ದರೂ ಕೆಲಸ ಮಾಡುತ್ತವೆ. ಕ್ಯಾಮೆರಾ ತಾನೇ ಒಳಗಿನಿಂದ ಕಂಪನಿಯ ಸರ್ವರ್‌ಗೆ ಸಂಪರ್ಕ ಮಾಡಿ ಕಾದಿರುತ್ತದೆ, ಆ್ಯಪ್ ಬಂದು ಅಲ್ಲಿ ಸೇರಿಕೊಳ್ಳುತ್ತದೆ.

ಫಾರ್ವರ್ಡಿಂಗ್ ಸಾಧ್ಯವಿದ್ದರೂ 554ನ್ನು ಸುಮ್ನೆ ಇಡೀ ಇಂಟರ್ನೆಟ್‌ಗೆ ತೆರೆದಿಡುವುದು ಒಳ್ಳೆಯದಲ್ಲ. ಮಾಮೂಲಿ ಆರ್‌ಟಿಎಸ್‌ಪಿಯಲ್ಲಿ ಚಿತ್ರ ಗೂಢಲಿಪಿ ಇಲ್ಲದೆ ಹೋಗುತ್ತದೆ, ತೆರೆದ ಕ್ಯಾಮೆರಾಗಳನ್ನೇ ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಮನೆಗೆ ಒಂದು ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಗುಪ್ತ ದಾರಿ, ಹಾಕಿಕೊಂಡರೆ ಹೊರಗಿದ್ದೂ ಮನೆಯೊಳಗಿನ ಅಡ್ರೆಸ್ ಅನ್ನೇ ಬಳಸಬಹುದು.

ಬಾಕ್ಸ್ ಕೆಳಗಿನ ಬೂದು ಸಾಲುಗಳು

ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಎನ್ ಒತ್ತಿ. ನೆಟ್‌ವರ್ಕ್ ಅಡ್ರೆಸ್ ಕೇಳುವ ಬಾಕ್ಸ್ ಬರುತ್ತದೆ, ಅದರ ಕೆಳಗೆ ಬೂದು ಬಣ್ಣದಲ್ಲಿ ಕೆಲವು ಮಾದರಿಗಳಿರುತ್ತವೆ. ಅದರಲ್ಲಿ ಒಂದು ವಿಚಿತ್ರವಾಗಿದೆ: ಆರ್‌ಟಿಪಿ://@:1234. ಆರ್‌ಟಿಪಿ ಅಂದರೆ ವಿಡಿಯೊವನ್ನೇ ಸಾಗಿಸುವ ಪದ್ಧತಿ. ಯಂತ್ರದ ಹೆಸರೇ ಇಲ್ಲ, ಬರೀ @ ಮತ್ತು ಒಂದು ಪೋರ್ಟ್ ನಂಬರ್. ಇದು 'ಹೋಗಿ ತಾ' ಅನ್ನುವ ಅಡ್ರೆಸ್ ಅಲ್ಲ, 'ಇಲ್ಲೇ ಕೂತು ಕೇಳಿಸಿಕೋ' ಅನ್ನುವುದು. ನೆಟ್‌ವರ್ಕ್‌ನಲ್ಲಿ ಬೇರೆ ಯಾರೋ 1234ನೇ ಪೋರ್ಟ್‌ಗೆ ವಿಡಿಯೊ ಕಳಿಸುತ್ತಿದ್ದರೆ ಅದನ್ನು ಹಿಡಿದು ತೋರಿಸು ಅಂತ. @ ಆದಮೇಲೆ 239.1.1.1 ಥರದ ನಂಬರ್ ಕೊಟ್ಟರೆ ಅದು ಮಲ್ಟಿಕಾಸ್ಟ್. 224ರಿಂದ 239ರ ತನಕದ ವಿಳಾಸಗಳು ಒಂದು ಯಂತ್ರದ್ದಲ್ಲ, ಒಂದು ಗುಂಪಿನದ್ದು. ಕಳಿಸುವವರು ಒಂದೇ ಪ್ರತಿ ಕಳಿಸುತ್ತಾರೆ, ಗುಂಪಿಗೆ ಸೇರಿದವರಿಗೆಲ್ಲ ನೆಟ್‌ವರ್ಕ್ ಹಂಚುತ್ತದೆ.

ಮನೆಯಲ್ಲಿ ಇದು ಬೇಕಾಗುವುದು ಅಪರೂಪ. ಆದರೂ ವಿಎಲ್‌ಸಿ ಹುಟ್ಟಿದ್ದೇ ಇದಕ್ಕಾಗಿ. ಪ್ಯಾರಿಸ್‌ನ ಎಕೋಲ್ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಸ್ಯಾಟಲೈಟ್ ಟಿವಿಯನ್ನು ಕ್ಯಾಂಪಸ್‌ನ ನೆಟ್‌ವರ್ಕ್ ಮೂಲಕ ಹಾಸ್ಟೆಲ್‌ನ ಕಂಪ್ಯೂಟರ್‌ಗಳಿಗೆ ತರಲು ಹೊರಟರು. ಕಳಿಸುವ ಕಡೆ ಒಂದು ಪ್ರೋಗ್ರಾಂ, ನೋಡುವ ಕಡೆ ಒಂದು. ನೋಡುವ ಕಡೆಯದ್ದಕ್ಕೆ ವಿಡಿಯೊಲ್ಯಾನ್ ಕ್ಲೈಂಟ್ ಅಂತ ಹೆಸರಿಟ್ಟರು, ಅದೇ ವಿಎಲ್‌ಸಿ. 2001ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಫೈಲ್ ಓಡಿಸುವ ಪ್ಲೇಯರ್‌ಗೆ ಇಷ್ಟೊಂದು ಅಡ್ರೆಸ್ ಜ್ಞಾನ ಎಲ್ಲಿಂದ ಬಂತು ಅಂದರೆ, ಅದರ ಮೊದಲ ಕೆಲಸವೇ ನೆಟ್‌ವರ್ಕ್‌ನಿಂದ ವಿಡಿಯೊ ಹಿಡಿಯುವುದಾಗಿತ್ತು.

ಮಾದರಿಗಳಲ್ಲಿ ಎಂಎಂಎಸ್ ಅಂತಲೂ ಒಂದಿದೆ. ಮೈಕ್ರೋಸಾಫ್ಟ್‌ನ ಹಳೇ ಪದ್ಧತಿ, ಈಗ ಬಳಕೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಲೆಕೆಡಿಸಿಕೊಳ್ಳಬೇಡಿ.

ಎಂ3ಯು8 ಅಂದರೆ ವಿಡಿಯೊ ಅಲ್ಲ

ಲೈವ್ ಟಿವಿಯ ಲಿಂಕ್‌ಗಳು ಹೆಚ್ಚಾಗಿ ಡಾಟ್ ಎಂ3ಯು8 ಅಂತ ಕೊನೆಯಾಗುತ್ತವೆ. ಇದನ್ನು ಡೌನ್‌ಲೋಡ್ ಮಾಡಿದರೆ ಒಂದೆರಡು ಕೆಬಿಯ ಫೈಲ್ ಬರುತ್ತದೆ. ಇದೇನಪ್ಪಾ ಇಷ್ಟು ಚಿಕ್ಕದು ಅಂತ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗೆ ಬರೀ ಅಕ್ಷರ. ಅದು ಪಟ್ಟಿ. ವಿಡಿಯೊವನ್ನು ಕೆಲವೇ ಸೆಕೆಂಡ್‌ಗಳ ತುಂಡುಗಳಾಗಿ ಕತ್ತರಿಸಿ ಸರ್ವರ್‌ನಲ್ಲಿ ಇಟ್ಟಿರುತ್ತಾರೆ, ಯಾವ ತುಂಡು ಎಲ್ಲಿದೆ ಅಂತ ಸಾಲಾಗಿ ಬರೆದದ್ದು ಈ ಫೈಲ್. ಹೆಸರಿನ 8 ಅಂದರೆ ಯುಟಿಎಫ್-8ರಲ್ಲಿ ಬರೆದದ್ದು ಅಂತ ಅರ್ಥ. ಈ ಪದ್ಧತಿಗೆ ಎಚ್‌ಎಲ್‌ಎಸ್ ಅನ್ನುತ್ತಾರೆ, ಆಪಲ್ ಕಂಪನಿ 2009ರಲ್ಲಿ ತಂದದ್ದು.

ಹೆಚ್ಚಿನ ಸಲ ಪಟ್ಟಿಯೊಳಗೆ ಇನ್ನಷ್ಟು ಪಟ್ಟಿಗಳಿರುತ್ತವೆ, ಒಂದೊಂದು ಗುಣಮಟ್ಟಕ್ಕೆ ಒಂದೊಂದು. ಇಂಟರ್ನೆಟ್ ನಿಧಾನವಾದಾಗ ಚಿತ್ರ ನಿಲ್ಲದೆ ಮಸುಕಾಗುವುದು ಯಾಕೆ ಅಂದರೆ, ಪ್ಲೇಯರ್ ಮುಂದಿನ ತುಂಡನ್ನು ಹಗುರದ ಪಟ್ಟಿಯಿಂದ ತೆಗೆದುಕೊಳ್ಳುತ್ತದೆ.

ಇದು ಗೊತ್ತಾದರೆ ಎರಡು ಒಗಟು ಬಿಡಿಸಿದಂತೆ. ಮೊದಲನೆಯದು, ಎಂ3ಯು8 ಫೈಲ್ ಡೆಸ್ಕ್‌ಟಾಪ್‌ಗೆ ಉಳಿಸಿಕೊಂಡು ಅಲ್ಲಿಂದ ತೆರೆದರೆ ಓಡುವುದಿಲ್ಲ. ಒಳಗಿನ ಅಡ್ರೆಸ್‌ಗಳು ಸಾಮಾನ್ಯವಾಗಿ ಅರ್ಧ ಅಡ್ರೆಸ್‌ಗಳು, ತುಂಡಿನ ಹೆಸರಷ್ಟೇ ಇರುತ್ತದೆ. ಪಟ್ಟಿ ಎಲ್ಲಿತ್ತೋ ಅದರ ಪಕ್ಕದಲ್ಲೇ ತುಂಡೂ ಇದೆ ಅಂತ ಲೆಕ್ಕ. ಪಟ್ಟಿಯನ್ನು ಡೆಸ್ಕ್‌ಟಾಪ್‌ಗೆ ತಂದರೆ ಪ್ಲೇಯರ್ ತುಂಡುಗಳನ್ನೂ ಡೆಸ್ಕ್‌ಟಾಪ್‌ನಲ್ಲೇ ಹುಡುಕುತ್ತದೆ. ಹಾಗಾಗಿ ಫೈಲ್ ಬೇಡ, ಅದರ ಪೂರ್ತಿ ಅಡ್ರೆಸ್ ಅನ್ನೇ ಪ್ಲೇಯರ್‌ಗೆ ಕೊಡಿ.

ಎರಡನೆಯದು, ನಿನ್ನೆ ಓಡಿದ ಲಿಂಕ್ ಇವತ್ತು ಸತ್ತಿರುತ್ತದೆ. ಅಡ್ರೆಸ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಆದಮೇಲೆ ಉದ್ದನೆಯ ಅರ್ಥವಿಲ್ಲದ ಸಾಲು ಇದೆಯಾ ನೋಡಿ. ಅದರಲ್ಲಿ ಗಡುವು ಇರುತ್ತದೆ. ಗಡುವು ಮುಗಿದ ಮೇಲೆ ಸರ್ವರ್ ಕೊಡುವುದಿಲ್ಲ, ಮತ್ತೆ ಹೊಸ ಅಡ್ರೆಸ್ ಪಡೆಯಬೇಕು. ಚಂದಾ ಕಟ್ಟಿ ನೋಡುವ ಸೇವೆಗಳಲ್ಲಿ ಇನ್ನೂ ಒಂದು ಬೀಗ ಇದೆ, ಅವರ ತುಂಡುಗಳು ಗೂಢಲಿಪಿಯಲ್ಲಿರುತ್ತವೆ. ಅಡ್ರೆಸ್ ಸಿಕ್ಕರೂ ಕೀಲಿ ಇಲ್ಲದೆ ಚಿತ್ರ ಬರುವುದಿಲ್ಲ. ಗುಂಪುಗಳಲ್ಲಿ ಹರಿದಾಡುವ 'ಸಾವಿರ ಚಾನೆಲ್ ಫ್ರೀ' ಎಂ3ಯು ಪಟ್ಟಿಗಳಲ್ಲಿ ಎಷ್ಟೋ ಅನುಮತಿ ಇಲ್ಲದೆ ಕದ್ದು ಹರಿಸುವಂಥವು ಅನ್ನುವುದೂ ತಿಳಿದಿರಲಿ.

ಪುಟದ ಅಡ್ರೆಸ್ ಬೇರೆ, ವಿಡಿಯೊದ ಅಡ್ರೆಸ್ ಬೇರೆ

ಬ್ರೌಸರ್‌ನ ಮೇಲ್ಭಾಗದಿಂದ ಕಾಪಿ ಮಾಡಿದ್ದು ವಿಡಿಯೊ ಇರುವ ಪುಟದ ಅಡ್ರೆಸ್. ಆ ಪುಟದಲ್ಲಿ ಅಕ್ಷರ, ಜಾಹೀರಾತು, ಚಿತ್ರ ಎಲ್ಲ ಇದೆ, ವಿಡಿಯೊ ಇನ್ನೆಲ್ಲಿಂದಲೋ ಬರುತ್ತಿದೆ. ಅದನ್ನು ಪ್ಲೇಯರ್‌ಗೆ ಕೊಟ್ಟರೆ ಅದು ಪುಟವನ್ನು ತಂದು ಇದರಲ್ಲಿ ವಿಡಿಯೊ ಎಲ್ಲಿದೆ ಅಂತ ನೋಡುತ್ತದೆ, ಸಿಗುವುದಿಲ್ಲ. ಯೂಟ್ಯೂಬ್‌ನಂಥ ಕೆಲವು ತಾಣಗಳಿಗೆ ಮಾತ್ರ ಪುಟವನ್ನು ಓದಿ ಒಳಗಿನ ಅಡ್ರೆಸ್ ಹೆಕ್ಕುವ ಸಣ್ಣ ಪ್ರೋಗ್ರಾಂಗಳು ವಿಎಲ್‌ಸಿಯಲ್ಲೇ ಇವೆ. ತಾಣದವರು ತಮ್ಮ ಪುಟದ ರಚನೆ ಬದಲಿಸಿದಾಗ ಅವು ಕೆಲಸ ನಿಲ್ಲಿಸುತ್ತವೆ, ಹೊಸ ಆವೃತ್ತಿ ಬರುವ ತನಕ ಕಾಯಬೇಕು.

ನಿಮ್ಮದೇ ವೆಬ್‌ಸೈಟ್ ಇದ್ದರೆ

ಇಲ್ಲಿ ಪಾತ್ರ ಅದಲುಬದಲು. ಅಡ್ರೆಸ್ ಬರೆದು ಕೊಡಬೇಕಾದವರು ನೀವು, ಓದುವುದು ನೋಡುಗರ ಬ್ರೌಸರ್. ಪುಟದ ಎಚ್‌ಟಿಎಂಎಲ್‌ನಲ್ಲಿ ವಿಡಿಯೊ ಅಂತ ಟ್ಯಾಗ್ ಇದೆ, ಅದರೊಳಗೆ ಸೋರ್ಸ್ ಟ್ಯಾಗ್‌ಗಳನ್ನು ಹಾಕಬಹುದು. ಒಂದಲ್ಲ, ಎಷ್ಟು ಬೇಕಾದರೂ. ಒಂದೇ ವಿಡಿಯೊದ ವೆಬ್‌ಎಂ ರೂಪ, ಎಂಪಿ4 ರೂಪ ಅಂತ ಕೊಟ್ಟರೆ ಬ್ರೌಸರ್ ಮೇಲಿನಿಂದ ನೋಡುತ್ತಾ ಬಂದು ತನ್ನಿಂದ ಓಡಿಸಲಾಗುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಹುಡುಕುವುದಿಲ್ಲ, ಮೊದಲು ಸಿಕ್ಕಿದ್ದೇ ಆಯ್ಕೆ. ಅದಕ್ಕೆ ನಿಮಗೆ ಯಾವುದು ಇಷ್ಟವೋ ಅದನ್ನು ಮೇಲೆ ಬರೆಯಿರಿ. ಪ್ರತಿಯೊಂದಕ್ಕೂ ಟೈಪ್ ನಮೂದಿಸಿದರೆ ಬ್ರೌಸರ್ ಸುಮ್ನೆ ಎಲ್ಲ ಫೈಲ್‌ಗಳನ್ನೂ ಮುಟ್ಟಿ ನೋಡುವುದು ತಪ್ಪುತ್ತದೆ.

ನಮ್ಮ ಕಂಪ್ಯೂಟರ್‌ನಲ್ಲಿ ಓಡಿ ಸರ್ವರ್‌ಗೆ ಏರಿಸಿದ ಮೇಲೆ ಓಡದಿದ್ದರೆ ಮೊದಲು ಅಕ್ಷರದ ಗಾತ್ರ ನೋಡಿ. ವಿಂಡೋಸ್‌ಗೆ ಫೈಲ್ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎರಡೂ ಒಂದೇ. ಹೆಚ್ಚಿನ ವೆಬ್ ಸರ್ವರ್‌ಗಳು ಓಡುವ ಲಿನಕ್ಸ್‌ಗೆ ಅವು ಬೇರೆ ಬೇರೆ ಫೈಲ್. ಅಡ್ರೆಸ್ ಸಿ: ಅಂತ ಶುರುವಾಗಿದ್ದರೆ ಅದು ನಿಮ್ಮ ಹಾರ್ಡ್ ಡಿಸ್ಕ್‌ನದ್ದು, ಬೇರೆಯವರಿಗೆ ಸಿಗಲು ಸಾಧ್ಯವೇ ಇಲ್ಲ, ಅಲ್ವಾ? ಪುಟ ಎಚ್‌ಟಿಟಿಪಿಎಸ್ ಆಗಿದ್ದು ವಿಡಿಯೊದ ಅಡ್ರೆಸ್ ಬರೀ ಎಚ್‌ಟಿಟಿಪಿ ಆಗಿದ್ದರೂ ಈಗಿನ ಬ್ರೌಸರ್‌ಗಳು ತಕರಾರು ಮಾಡುತ್ತವೆ. ಇನ್ನು ಕ್ಯಾಮೆರಾದ ಆರ್‌ಟಿಎಸ್‌ಪಿ ಅಡ್ರೆಸ್ ಅನ್ನು ನೇರವಾಗಿ ಪುಟದಲ್ಲಿ ಹಾಕಿದರೆ ಏನೂ ಕಾಣಿಸುವುದಿಲ್ಲ. ಬ್ರೌಸರ್‌ಗಳಿಗೆ ಆ ಪದ್ಧತಿ ಗೊತ್ತಿಲ್ಲ, ನಡುವೆ ಯಾವುದಾದರೂ ಸರ್ವರ್ ಅದನ್ನು ಬ್ರೌಸರ್‌ನಲ್ಲಿ ಓಡುವ ಎಚ್‌ಎಲ್‌ಎಸ್‌ಗೋ ವೆಬ್‌ಆರ್‌ಟಿಸಿಗೋ ಬದಲಿಸಿ ಕೊಡಬೇಕು.

ಅಡ್ರೆಸ್ ಸರಿಯಿದ್ದೂ ಓಡದಿದ್ದರೆ

'ಎಂಆರ್‌ಎಲ್ ತೆರೆಯಲಾಗುತ್ತಿಲ್ಲ' ಅಂದರೆ ತಲುಪಲೇ ಆಗಿಲ್ಲ. ಅಡ್ರೆಸ್, ಪಾಸ್‌ವರ್ಡ್, ನೆಟ್‌ವರ್ಕ್ ಈ ಮೂರರಲ್ಲಿ ಹುಡುಕಿ. 'ಕೋಡೆಕ್ (ವಿಡಿಯೊ ಕುಗ್ಗಿಸಿ ಬಿಡಿಸುವ ವಿಧಾನ) ಸಪೋರ್ಟ್ ಇಲ್ಲ' ಅಂದರೆ ಅಡ್ರೆಸ್ ಸರಿಯಿದೆ, ವಿಡಿಯೊ ಬಂದಿದೆ, ಅದನ್ನು ಬಿಡಿಸಲು ಆಗುತ್ತಿಲ್ಲ. ಆಗ ಅಡ್ರೆಸ್ ತಿದ್ದುತ್ತಾ ಕೂರುವುದು ದಂಡ.

ಚಿತ್ರ ಬರುತ್ತದೆ ಆದರೆ ಬೂದು ಬೂದಾಗಿ ಕಲಸಿ ಹೋಗುತ್ತದೆ ಅಂದರೆ ದಾರಿಯಲ್ಲಿ ಒಂದಷ್ಟು ಕಳೆದುಹೋಗುತ್ತಿದೆ, ವೈ-ಫೈನಲ್ಲಿ ಇದು ಜಾಸ್ತಿ. ಅಡ್ರೆಸ್ ಬಾಕ್ಸ್‌ನ ಕೆಳಗೆ 'ಶೋ ಮೋರ್ ಆಪ್ಷನ್ಸ್' ಒತ್ತಿದರೆ ಕ್ಯಾಶಿಂಗ್ 1000 ಮಿಲಿಸೆಕೆಂಡ್ ಅಂತ ಇರುತ್ತದೆ, ಅಂದರೆ 1 ಸೆಕೆಂಡ್‌ನಷ್ಟು ವಿಡಿಯೊ ಮೊದಲೇ ಕೂಡಿಟ್ಟುಕೊಂಡು ತೋರಿಸುತ್ತದೆ. ಅದನ್ನು ಹೆಚ್ಚಿಸಬಹುದು, ಆದರೆ ಲೈವ್ ಅಷ್ಟೇ ತಡವಾಗುತ್ತದೆ. ಅದೇ ಆಪ್ಷನ್ ಸಾಲಿನ ಕೊನೆಗೆ :ಆರ್‌ಟಿಎಸ್‌ಪಿ-ಟಿಸಿಪಿ ಅಂತ ಸೇರಿಸಿದರೆ ಕಳೆದ ತುಂಡುಗಳನ್ನು ಮತ್ತೆ ಕೇಳಿ ತರಿಸಿಕೊಳ್ಳುವ ದಾರಿ ಹಿಡಿಯುತ್ತದೆ, ಕ್ಯಾಮೆರಾಗಳ ಮಟ್ಟಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರುವುದು. ಕಂಪ್ಯೂಟರ್ ಹಳೆಯದಾಗಿದ್ದು ಚಿತ್ರ ತಡವರಿಸುತ್ತಿದ್ದರೆ 101ರ ಬದಲು 102 ಹಾಕಿ ನೋಡಿ.

ಓಡುತ್ತಿರುವ ವಿಡಿಯೊದ ಅಡ್ರೆಸ್ ಬೇಕಿದ್ದರೆ ಕಂಟ್ರೋಲ್ ಮತ್ತು ಜೆ ಒತ್ತಿ, ಕೆಳಗೆ ಲೊಕೇಶನ್ ಅನ್ನುವ ಜಾಗದಲ್ಲಿ ಇರುತ್ತದೆ. ಓಡದಿದ್ದರೆ ಕಂಟ್ರೋಲ್ ಮತ್ತು ಎಂ ಒತ್ತಿದರೆ ಲಾಗ್ ಕಾಣುತ್ತದೆ, ಯಾವ ಹಂತದಲ್ಲಿ ಕೈಕೊಟ್ಟಿತು ಅಂತ ಅಲ್ಲಿ ಗೊತ್ತಾಗುತ್ತದೆ. ಯಾರ ಬಳಿಯಾದರೂ ಸಹಾಯ ಕೇಳಲು ಇವುಗಳ ಸ್ಕ್ರೀನ್‌ಶಾಟ್ ಕಳಿಸುವವರಿದ್ದರೆ, ಕ್ಯಾಮೆರಾದ ಅಡ್ರೆಸ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಕೂಡ ಇರಬಹುದು, ಎರರ್ ಬಾಕ್ಸ್‌ನಲ್ಲೂ ಅದು ಕಾಣಬಹುದು. ಅಳಿಸಿ ಕಳಿಸಿ.